ಕತ್ತರಿಸಬೇಡಿ, ಎಳೆಯಿರಿ

ಮಕ್ಕಳೇ, ಇಂಗ್ಲೆಂಡಿನಲ್ಲಿ ಕೆಲವು ತೋಟಗಳಿವೆ. ಅಲ್ಲಿ ಹಣ್ಣು, ತರಕಾರಿಗಳನ್ನು ಕೊಳ್ಳಲು ಬಂದವರೇ ಕೊಯ್ದುಕೊಳ್ಳಬೇಕು. ತೋಟದ ಬಾಗಿಲಲ್ಲಿ ಒಂದು ಸಣ್ಣ ಮರದ ಮನೆ, ಅದರೊಳಗೆ ತಕ್ಕಡಿ. ಕೈಗೆ ಖಾಲಿ ಬುಟ್ಟಿ ಕೊಡುತ್ತಾರೆ. ಸಾಲುಗಳ ನಡುವೆ ನಡೆದು, ಬೇಕಾದಷ್ಟು ಕೊಯ್ದು, ಹೊರಡುವಾಗ ತೂಕ ಮಾಡಿಸಿ ದುಡ್ಡು ಕೊಟ್ಟರಾಯಿತು. ಜೂನ್ ತಿಂಗಳಲ್ಲಿ ಸ್ಟ್ರಾಬೆರಿ ಹಣ್ಣಾದಾಗ ಇಂಥ ತೋಟಗಳಲ್ಲಿ ಮಕ್ಕಳ ಜಾತ್ರೆ. ಬುಟ್ಟಿಗೆ ಬೀಳುವ ಹಣ್ಣಿಗಿಂತ ಬಾಯಿಗೆ ಬೀಳುವುದೇ ಹೆಚ್ಚು. ಹೊಟ್ಟೆಯೊಳಗೆ ಹೋದದ್ದನ್ನು ತೂಗಲು ತಕ್ಕಡಿ ಇಲ್ಲವಲ್ಲ!

ಸ್ಟ್ರಾಬೆರಿಗೂ ಮೊದಲು, ಏಪ್ರಿಲ್ ಮುಗಿದು ಮೇ ಹತ್ತಿರವಾಗುತ್ತಿರುವಾಗ, ಇನ್ನೂ ಮೈ ನಡುಗುವ ಗಾಳಿ ಬೀಸುತ್ತಿರುವಾಗಲೇ, ಅಲ್ಲಿ ಮತ್ತೊಂದು ಬೆಳೆ ಕೊಯ್ಲಿಗೆ ಬಂದಿರುತ್ತದೆ. ಅದರ ಹೆಸರು ರೂಬಾರ್ಬ್. ಬಾಯಿಗೆ ಹಾಕಿಕೊಂಡು ಖಾಲಿ ಮಾಡುವ ಭಯ ಇದಕ್ಕಿಲ್ಲ. ಹಸಿಯಾಗಿ ಕಚ್ಚಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಉತ್ತರ ಇಂಗ್ಲೆಂಡಿನ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಚಿಕ್ಕವರಿದ್ದಾಗ ಒಂದು ದಂಟನ್ನು ಕೈಯಲ್ಲಿ ಹಿಡಿದು, ಕಾಗದದ ಪೊಟ್ಟಣದಲ್ಲಿದ್ದ ಸಕ್ಕರೆಗೆ ಅದ್ದಿ ಅದ್ದಿ ತಿಂದದ್ದನ್ನು ನಗುತ್ತಾ ಹೇಳುತ್ತಾರೆ. ನಾವು ಮಾವಿನಕಾಯಿಗೆ ಉಪ್ಪು ಖಾರ ಹಚ್ಚುತ್ತೇವೆ, ಅವರು ಸಕ್ಕರೆ ಹಚ್ಚಿದರು, ಅಷ್ಟೇ.

ಗಿಡ ನೋಡಲು ಹೇಗಿರುತ್ತದೆ? ನೆಲದಿಂದ ನೇರವಾಗಿ ಎದ್ದ ದಪ್ಪ ದಪ್ಪ ದಂಟುಗಳು. ಬುಡದಲ್ಲಿ ಕೆಂಪು, ಮೇಲೆ ಹೋದಂತೆ ಹಸಿರು. ಒಂದೊಂದು ದಂಟಿನ ತುದಿಯಲ್ಲೂ ಎರಡು ಗೇಣು ಅಗಲದ, ಸುಕ್ಕುಸುಕ್ಕಾದ ಒಂದು ಎಲೆ. ಕಾಂಡ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಅದು ಮಣ್ಣಿನೊಳಗಿದೆ. ನಾವು ಕಾಂಡ ಎಂದುಕೊಳ್ಳುವ ದಪ್ಪ ದಂಟು ನಿಜವಾಗಿ ಎಲೆಯ ತೊಟ್ಟು. ಒಂದು ಮಾವಿನ ಎಲೆಯನ್ನು ಕೈಗೆ ತೆಗೆದುಕೊಳ್ಳಿ. ಎಲೆಯನ್ನೂ ರೆಂಬೆಯನ್ನೂ ಜೋಡಿಸುವ ಚೋಟುದ್ದದ ಕಡ್ಡಿ ಇದೆಯಲ್ಲ, ಅದೇ ತೊಟ್ಟು. ರೂಬಾರ್ಬಿನಲ್ಲಿ ಆ ತೊಟ್ಟೇ ಮೊಳದುದ್ದ ಬೆಳೆದು, ಹೆಬ್ಬೆರಳಿಗಿಂತ ದಪ್ಪವಾಗಿ, ಜನರ ಊಟಕ್ಕೆ ಬಂದಿದೆ.

ಈಗ ತೋಟದವರ ಮೊದಲ ನಿಯಮಕ್ಕೆ ಬರೋಣ. ಚಾಕು ಹಾಕಬೇಡಿ, ಕೈಯಿಂದಲೇ ಎಳೆಯಿರಿ ಎನ್ನುತ್ತಾರೆ. ಹೊಸಬರಿಗೆ ಇದು ವಿಚಿತ್ರ ಎನಿಸುತ್ತದೆ. ಸೊಪ್ಪು ಕೊಯ್ಯಲು ನಮ್ಮಲ್ಲಿ ಕುಡುಗೋಲು ಬೇಕೇ ಬೇಕು. ಆದರೆ ರೂಬಾರ್ಬಿನ ತೊಟ್ಟು ಬುಡದಲ್ಲಿ ಅಗಲವಾಗಿ, ಒಳಗಿನ ಎಳೆ ಮೊಗ್ಗನ್ನು ತಬ್ಬಿಕೊಂಡು ಗೆಡ್ಡೆಗೆ ಅಂಟಿಕೊಂಡಿರುತ್ತದೆ. ಆ ಜಾಗದಲ್ಲೇ ಅದು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಒಂದು ದಂಟನ್ನು ಆದಷ್ಟು ಬುಡದಲ್ಲಿ ಹಿಡಿದು, ಸ್ವಲ್ಪ ತಿರುಚಿ, ಪಕ್ಕಕ್ಕೆ ವಾಲಿಸಿ ಎಳೆದರೆ ‘ಪಟ್’ ಎಂದು ಪೂರ್ತಿಯಾಗಿ ಬರುತ್ತದೆ. ಬುಡದಲ್ಲಿ ಬಿಳಿ-ಗುಲಾಬಿ ಬಣ್ಣದ ಪಾದ ಕಾಣಿಸಿದರೆ ನೀವು ಸರಿಯಾಗಿ ಎಳೆದಿದ್ದೀರಿ ಎಂದರ್ಥ.

ಕತ್ತರಿಸಿದರೆ ಏನಾಗುತ್ತದೆ? ಎರಡು ಬೆರಳಿನಷ್ಟು ಮೋಟು ಗೆಡ್ಡೆಯ ಮೇಲೆ ಉಳಿಯುತ್ತದೆ. ನೀರು ತುಂಬಿದ ಮೆತ್ತನೆಯ ಮೋಟು ಅದು. ಮಳೆ ಬಿದ್ದರೆ ಕೊಳೆಯುತ್ತದೆ. ಕೊಳೆಸುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಮೋಟಿನಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ಮೆಲ್ಲಗೆ ಗೆಡ್ಡೆಗೇ ಇಳಿಯಬಹುದು. ಪೂರ್ತಿ ಎಳೆದರೆ ಅವಕ್ಕೆ ಆ ಮೆಟ್ಟಿಲೇ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಇದೆ. ಬಲ ಬಂತೆಂದು ನೇರವಾಗಿ ಮೇಲಕ್ಕೆ ಜಗ್ಗಿದರೆ ದಂಟಿನ ಜೊತೆಗೆ ಗೆಡ್ಡೆಯ ಚೂರು, ಮುಂದೆ ಎಲೆಯಾಗಬೇಕಿದ್ದ ಮೊಗ್ಗು, ಎಲ್ಲವೂ ಕಿತ್ತು ಬಂದುಬಿಡುತ್ತವೆ. ಅದಕ್ಕೇ ಆ ಸಣ್ಣ ತಿರುವು.

ಗೆಡ್ಡೆ ಗೆಡ್ಡೆ ಎಂದು ಹೇಳುತ್ತಲೇ ಇದ್ದೇನೆ. ಇಡೀ ಕಥೆಯ ಯಜಮಾನ ಅದೇ. ಮಣ್ಣಿನೊಳಗೆ, ಮೇಲೆ ಮೊಗ್ಗುಗಳನ್ನೂ ಕೆಳಗೆ ದಪ್ಪ ಬೇರುಗಳನ್ನೂ ಹೊತ್ತು, ಕಂದುಬಣ್ಣದ ದೊಡ್ಡ ಗೆಡ್ಡೆಯೊಂದು ಕೂತಿರುತ್ತದೆ. ಕತ್ತರಿಸಿದರೆ ಒಳಗೆ ಹಳದಿ. ಅದು ಗಿಡದ ಕಣಜ. ಬೇಸಿಗೆಯಲ್ಲಿ ಅಗಲವಾದ ಎಲೆಗಳು ಬಿಸಿಲು, ಗಾಳಿಯ ಇಂಗಾಲದ ಡೈ ಆಕ್ಸೈಡು, ಬೇರಿನಿಂದ ಬಂದ ನೀರು, ಈ ಮೂರರಿಂದ ಸಕ್ಕರೆ ತಯಾರಿಸುತ್ತವೆ. ದ್ಯುತಿಸಂಶ್ಲೇಷಣೆ ಎಂದು ನೀವು ಶಾಲೆಯಲ್ಲಿ ಬಾಯಿಪಾಠ ಮಾಡುವುದು ಇದನ್ನೇ. ಆ ದಿನದ ಖರ್ಚಿಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದ ಸಕ್ಕರೆಯನ್ನು ಎಲೆಗಳು ಕೆಳಕ್ಕೆ ಕಳಿಸುತ್ತವೆ. ಗೆಡ್ಡೆಯಲ್ಲಿ ಅದು ಪಿಷ್ಟವಾಗಿ ಕೂಡಿಡಲ್ಪಡುತ್ತದೆ. ಚಳಿಗಾಲ ಬಂದಾಗ ಎಲೆ, ದಂಟು ಎಲ್ಲ ಸತ್ತು ನೆಲಕ್ಕೆ ಒರಗುತ್ತವೆ. ಮೇಲೆ ನೋಡಿದರೆ ಬರೀ ಮಣ್ಣು. ವಸಂತದಲ್ಲಿ ಮತ್ತೆ ಮೊಗ್ಗು ಒಡೆಯುವಾಗ ಎಲೆಗಳೇ ಇರುವುದಿಲ್ಲ, ಅಡುಗೆ ಮಾಡುವವರು ಯಾರು? ಆಗ ಕಣಜದ ಬಾಗಿಲು ತೆರೆಯುತ್ತದೆ. ಪಿಷ್ಟ ಮತ್ತೆ ಸಕ್ಕರೆಯಾಗಿ ಮೇಲಕ್ಕೆ ಹರಿಯುತ್ತದೆ.

ಇದು ತಿಳಿದರೆ ತೋಟದವರ ಉಳಿದ ನಿಯಮಗಳನ್ನು ಯಾರೂ ಹೇಳಿಕೊಡಬೇಕಿಲ್ಲ, ನೀವೇ ಊಹಿಸಬಹುದು. ಒಂದೇ ಗಿಡದಿಂದ ಎಲ್ಲ ದಂಟುಗಳನ್ನೂ ಎಳೆಯಬಾರದು, ಅರ್ಧದಷ್ಟಾದರೂ ಬಿಡಬೇಕು. ಸಂಪಾದಿಸುವ ಎಲೆಗಳೆಲ್ಲ ಹೋದರೆ ಕಣಜ ತುಂಬುವವರಾರು? ನೆಟ್ಟ ಮೊದಲ ವರ್ಷ ಒಂದು ದಂಟನ್ನೂ ಮುಟ್ಟಬಾರದು. ಜೂನ್ ಕೊನೆ, ಜುಲೈ ಬಂತೆಂದರೆ ಕೊಯ್ಲು ನಿಲ್ಲಿಸಿ, ಗಿಡವನ್ನು ಅದರ ಪಾಡಿಗೆ ಬಿಡಬೇಕು. ಅಲ್ಲಿಂದ ಮುಂದಿನ ಬಿಸಿಲೆಲ್ಲ ಮುಂದಿನ ವರ್ಷದ ದಂಟುಗಳಿಗೆ. ನಡುವೆ ಹೂವಿನ ಕಡ್ಡಿ ಎದ್ದರೆ ಅದನ್ನು ತೆಗೆದುಬಿಡುತ್ತಾರೆ. ಹೂವು, ಬೀಜ ಮಾಡುವುದು ಗಿಡಕ್ಕೆ ಬಹಳ ದುಬಾರಿ ಕೆಲಸ. ಕೂಡಿಟ್ಟದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಬೀಜ ಬೇಕಾಗಿಯೂ ಇಲ್ಲ ಅನ್ನಿ. ಬೀಜದಿಂದ ಹುಟ್ಟಿದ ಸಸಿ ತಾಯಿಯಂತೆಯೇ ಇರುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಹಳೆಯ ಗೆಡ್ಡೆಯನ್ನು ಅಗೆದು, ಒಂದೊಂದು ತುಂಡಿನಲ್ಲೂ ಒಂದು ಮೊಗ್ಗು ಇರುವಂತೆ ಸೀಳಿ ನೆಡುತ್ತಾರೆ. ಶುಂಠಿ, ಅರಿಶಿನ ನೆಡುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಹೀಗೆ ಮರ್ಯಾದೆಯಿಂದ ನೋಡಿಕೊಂಡ ಗಿಡ ಹತ್ತು ವರ್ಷ, ಅದಕ್ಕಿಂತ ಹೆಚ್ಚೂ ದಂಟು ಕೊಡುತ್ತದೆ.

ದಂಟು ಎಳೆದ ಮೇಲೆ ಎಲೆಯನ್ನು ಅಲ್ಲೇ ಮುರಿದು ಹಾಕಬೇಕು. ಇದು ಮಾತ್ರ ಕಟ್ಟುನಿಟ್ಟಿನ ನಿಯಮ, ಇದರಲ್ಲಿ ತಮಾಷೆ ಇಲ್ಲ. ರೂಬಾರ್ಬಿನ ಎಲೆ ವಿಷ. ಅದರಲ್ಲಿ ಆಕ್ಸಾಲಿಕ್ ಆಮ್ಲ ತುಂಬ ಇದೆ, ಬೇರೆ ಕೆಲವು ಕೆಡುಕಿನ ವಸ್ತುಗಳೂ ಇವೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ತರಕಾರಿಗೆ ತತ್ವಾರ ಬಂದಾಗ, ರೂಬಾರ್ಬ್ ಎಲೆಯನ್ನೂ ಸೊಪ್ಪಿನಂತೆ ಬೇಯಿಸಿ ತಿನ್ನಬಹುದು ಎಂದು ಯಾರೋ ಬುದ್ಧಿವಂತರು ಸಲಹೆ ಕೊಟ್ಟರು. ನಂಬಿ ತಿಂದವರು ಕಾಯಿಲೆ ಬಿದ್ದರು. ಸಾವುಗಳೂ ವರದಿಯಾದವು. ಒಂದೇ ಗಿಡದ ತೊಟ್ಟು ಊಟ, ಎಲೆ ವಿಷ! ಗಿಡದ ಕಡೆಯಿಂದ ನೋಡಿದರೆ ಇದು ನ್ಯಾಯವೇ. ಸಂಪಾದನೆ ಮಾಡುವುದು ಎಲೆ. ಕೀಟ, ಜಿಂಕೆ, ಮೊಲ ಮೊದಲು ಬಾಯಿ ಹಾಕುವುದೂ ಎಲೆಗೇ. ಕಾವಲು ಅಲ್ಲಿರಬೇಕಾದ್ದು ಸರಿಯಷ್ಟೆ? ಮುರಿದ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಕೊಳೆಯುವಾಗ ಆಮ್ಲವೂ ಒಡೆದುಹೋಗುತ್ತದೆ.

ಆಕ್ಸಾಲಿಕ್ ಆಮ್ಲ ಎಂದ ತಕ್ಷಣ ದೂರದ ದೇಶದ ವಸ್ತು ಎಂದುಕೊಳ್ಳಬೇಡಿ. ನಿಮ್ಮ ಅಡುಗೆಮನೆಯಲ್ಲೇ ಇದೆ. ಪಾಲಕ್ ಸೊಪ್ಪಿನಲ್ಲಿದೆ, ಚುಕ್ಕೆ ಸೊಪ್ಪಿನಲ್ಲಿದೆ. ಇದು ಕ್ಯಾಲ್ಸಿಯಂ ಕಂಡರೆ ಬಿಡುವುದಿಲ್ಲ, ಹಿಡಿದುಕೊಂಡು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಹರಳಾಗಿ ಕೂತುಬಿಡುತ್ತದೆ. ಆ ಹರಳು ನೀರಿನಲ್ಲಿ ಕರಗುವುದಿಲ್ಲ. ಕೆಸುವಿನ ಸೊಪ್ಪನ್ನು ಸರಿಯಾಗಿ ಬೇಯಿಸದೆ ತಿಂದರೆ ಗಂಟಲು ತುರಿಸುತ್ತದಲ್ಲ, ಅದು ಇದೇ ಹರಳಿನ ಕಿತಾಪತಿ. ಕೆಸುವಿನಲ್ಲಿ, ಸುವರ್ಣಗೆಡ್ಡೆಯಲ್ಲಿ ಅದು ಸೂಜಿಗಳ ರೂಪದಲ್ಲಿರುತ್ತದೆ. ಪತ್ರೊಡೆ ಮಾಡುವವರು ಹುಣಸೆಹುಳಿಯನ್ನು ಧಾರಾಳವಾಗಿ ಹಾಕುವುದು ಬರೀ ರುಚಿಗಲ್ಲ, ಈ ತುರಿಕೆಯನ್ನು ಪಳಗಿಸುವುದಕ್ಕೂ ಹೌದು. ರೂಬಾರ್ಬಿನಲ್ಲಿ ಹರಳುಗಳು ಸೂಜಿಯಲ್ಲ, ಸಣ್ಣ ಸಣ್ಣ ಉಂಡೆಗಳು. ಆದ್ದರಿಂದ ಗಂಟಲು ತುರಿಸುವುದಿಲ್ಲ. ಬದಲಿಗೆ ತಿಂದಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಒರಟು ಒರಟು, ಕಿರುಗುಟ್ಟಿದ ಅನುಭವ. ಇಂಗ್ಲೆಂಡಿನವರು ಬೇಯಿಸಿದ ರೂಬಾರ್ಬ್ ಮೇಲೆ ಹಾಲಿನ ಕಸ್ಟರ್ಡ್ ಸುರಿದುಕೊಳ್ಳುತ್ತಾರೆ. ಹಾಲಿನ ಕ್ಯಾಲ್ಸಿಯಂ ಬಟ್ಟಲಲ್ಲೇ ಆಮ್ಲದ ಒಂದಷ್ಟು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಲ್ಲಿನವರೆಗೆ ಬರಲು ಬಿಡುವುದಿಲ್ಲ. ಈ ಜೋಡಿಯನ್ನು ಕಟ್ಟಿದವರು ರಸಾಯನಶಾಸ್ತ್ರ ಓದಿದವರಲ್ಲ, ಬಾಯಿರುಚಿ ಬಲ್ಲವರು.

ಹಾಗಾದರೆ ದಂಟಿನ ಹುಳಿಗೆಲ್ಲ ಆಕ್ಸಾಲಿಕ್ ಆಮ್ಲವೇ ಕಾರಣವೇ? ಅಲ್ಲ. ದಂಟಿನಲ್ಲಿ ಅದು ಎಲೆಯಲ್ಲಿರುವಷ್ಟಿಲ್ಲ. ಅಲ್ಲಿನ ಹುಳಿಯ ದೊಡ್ಡ ಪಾಲು ಮ್ಯಾಲಿಕ್ ಆಮ್ಲದ್ದು. ಹಸಿರು ಸೇಬನ್ನು ಕಚ್ಚಿದಾಗ ಸಿಗುವುದು ಇದೇ ಹುಳಿ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲ, ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ. ನಾಲಿಗೆಗೆ ಎಲ್ಲವೂ ‘ಹುಳಿ’ಯೇ, ಆದರೆ ಕಣ್ಣು ಕಟ್ಟಿ ಒಂದೊಂದನ್ನೇ ಕೊಟ್ಟರೂ ನೀವು ನಿಂಬೆ ಯಾವುದು, ಹುಣಸೆ ಯಾವುದು ಎಂದು ಹೇಳುತ್ತೀರಿ. ಇದನ್ನು ಸ್ನೇಹಿತರ ಜೊತೆ ಆಡಿ ನೋಡಿ, ಖರ್ಚಿಲ್ಲದ ಆಟ. ಹುಳಿಯ ಜೊತೆಗೆ ಸಿಹಿ ಎಷ್ಟಿದೆ ಎಂದು ಕೇಳಿದರೆ, ಪಾಪ, ಇಲ್ಲವೆಂದೇ ಹೇಳಬೇಕು. 100 ಗ್ರಾಂ ದಂಟಿನಲ್ಲಿ ಸುಮಾರು 94 ಗ್ರಾಂ ನೀರೇ. ಸಕ್ಕರೆ ಒಂದು ಗ್ರಾಮಿನ ಆಸುಪಾಸು. ಅದಕ್ಕೇ ಬಾಣಲೆಗೆ ನೀರು ಹಾಕದೆ, ದಂಟಿನ ತುಂಡು ಮತ್ತು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿಟ್ಟರೂ ತನ್ನ ನೀರಿನಲ್ಲೇ ಬೇಯುತ್ತದೆ.

ಬಾಣಲೆ ಯಾವುದು ಎಂಬುದು ಮುಖ್ಯ. ಅಲ್ಯೂಮಿನಿಯಂ ಬೇಡ, ಸ್ಟೀಲ್ ಇರಲಿ. ಹುಳಿ ಅಲ್ಯೂಮಿನಿಯಂ ಅನ್ನು ಕರಗಿಸಿಕೊಳ್ಳುತ್ತದೆ. ಹಿಂದೆ ಅಲ್ಲಿನ ಗೃಹಿಣಿಯರು ಕಪ್ಪಾದ ಪಾತ್ರೆಯಲ್ಲಿ ಬೇಕೆಂದೇ ರೂಬಾರ್ಬ್ ದಂಟು ಕುದಿಸುತ್ತಿದ್ದರು. ಪಾತ್ರೆ ಫಳಫಳ ಹೊಳೆಯುತ್ತಿತ್ತು. ಪಾತ್ರೆಗೆ ಅಂಟಿದ್ದ ಕಪ್ಪೆಲ್ಲ ಕರಗಿ ನೀರಿಗೆ ಸೇರಿರುತ್ತಿತ್ತು. ಆ ನೀರನ್ನು ಚೆಲ್ಲಬೇಕು, ಊಟಕ್ಕಲ್ಲ. ಹುಣಸೆಹಣ್ಣಿನಿಂದ ದೇವರ ಹಿತ್ತಾಳೆ ದೀಪ ತಿಕ್ಕುವ ನಮಗೆ ಈ ವಿದ್ಯೆ ಹೊಸದೇನಲ್ಲ.

ಇನ್ನು, ಬುಟ್ಟಿ ಹಿಡಿದ ಮಕ್ಕಳೆಲ್ಲ ಕೆಂಪು ದಂಟನ್ನೇ ಹುಡುಕುತ್ತಾರೆ. ಕೆಂಪಾದರೆ ಹಣ್ಣಾಗಿದೆ, ಸಿಹಿಯಾಗಿದೆ ಎಂಬ ಲೆಕ್ಕ. ತಪ್ಪು ಲೆಕ್ಕ. ದಂಟು ಹಣ್ಣಲ್ಲ, ಅದು ‘ಮಾಗುವುದೇ’ ಇಲ್ಲ. ಕೆಲವು ತಳಿ ಹುಟ್ಟಾ ಕೆಂಪು, ಕೆಲವು ಕೊನೆಯವರೆಗೂ ಹಸಿರು. ಕೆಂಪು ಬಣ್ಣ ಆಂಥೊಸಯಾನಿನ್ ಎಂಬ ವರ್ಣದ್ರವ್ಯದ್ದು, ಕೆಂಪು ಎಲೆಕೋಸಿನಲ್ಲಿರುವುದೂ ಅದೇ ಕುಲದ್ದು. ಹುಳಿ ಇದ್ದಲ್ಲಿ ಕೆಂಪಾಗಿ ಕಾಣುತ್ತದೆ, ಅಡುಗೆ ಸೋಡಾ ಬಿದ್ದರೆ ಬಣ್ಣ ಬದಲಿಸುತ್ತದೆ. ರೂಬಾರ್ಬ್ ಸಿಗದ ಊರಿನವರು ಕೆಂಪು ಎಲೆಕೋಸಿನ ಬಿಸಿನೀರಿನಲ್ಲಿ ಈ ಚಮತ್ಕಾರ ನೋಡಬಹುದು.

ಹಣ್ಣಲ್ಲ ಎಂದೆನಲ್ಲ, ಅಮೆರಿಕದಲ್ಲಿ ಒಂದು ನ್ಯಾಯಾಲಯ ಇದನ್ನು ಒಪ್ಪಲಿಲ್ಲ! 1947ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಸುಂಕದ ನ್ಯಾಯಾಲಯ, ಜನರು ಇದನ್ನು ಹಣ್ಣಿನಂತೆ ಸಿಹಿ ತಿನಿಸಿಗೆ ಬಳಸುವುದರಿಂದ ಇದು ಹಣ್ಣೇ ಎಂದು ತೀರ್ಪು ಕೊಟ್ಟಿತು. ತರಕಾರಿಗಿಂತ ಹಣ್ಣಿನ ಮೇಲಿನ ಆಮದು ಸುಂಕ ಕಡಿಮೆ ಇತ್ತು, ವ್ಯಾಪಾರಿಗಳಿಗೆ ಲಾಭವಾಯಿತು. ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ಮಾತ್ರ ನೀವು ಹಾಗೆ ಬರೆಯಬೇಡಿ, ಅಂಕ ಸಿಗುವುದಿಲ್ಲ.

ಈಗ ಒಂದು ಪ್ರಶ್ನೆ. ಇಷ್ಟು ಒಳ್ಳೆಯ ಗಿಡವಾದರೆ ನಮ್ಮ ಹಾಸನ, ಮಂಡ್ಯದ ಹೊಲಗಳಲ್ಲಿ ಏಕೆ ಬೆಳೆಯುವುದಿಲ್ಲ? ಉತ್ತರ ಚಳಿಯಲ್ಲಿದೆ. ರೂಬಾರ್ಬಿನ ಹತ್ತಿರದ ನೆಂಟರಲ್ಲಿ ಹೆಚ್ಚಿನವರು ಸೈಬೀರಿಯಾ, ಮಂಗೋಲಿಯಾ, ಚೀನಾ, ಹಿಮಾಲಯಗಳ ತಣ್ಣನೆಯ ನಾಡಿನವರು. ಅಲ್ಲಿ ಚಳಿಗಾಲದ ನಡುವೆ ಎರಡು ದಿನ ಬಿಸಿಲು ಬಂತೆಂದು ಮೊಗ್ಗು ಒಡೆದರೆ, ಮೂರನೇ ದಿನದ ಹಿಮಕ್ಕೆ ಸುಟ್ಟುಹೋಗುತ್ತದೆ. ಆದ್ದರಿಂದ ಗೆಡ್ಡೆ ಒಂದು ಉಪಾಯ ಮಾಡಿಕೊಂಡಿದೆ. ನಿದ್ದೆಗೆ ಹೋದಮೇಲೆ, ಸಾಕಷ್ಟು ಕಾಲ ಕೊರೆಯುವ ಚಳಿ ಅನುಭವಿಸಿದ ಹೊರತು ಅದು ಚೆನ್ನಾಗಿ ಏಳುವುದಿಲ್ಲ. ಬೆಳೆಗಾರರು ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ, ದಿನದಿನದ ಚಳಿಯನ್ನು ಕೂಡಿಸುತ್ತಾ ಹೋಗುತ್ತಾರೆ. ಮೊತ್ತ ಭರ್ತಿಯಾಯಿತೆಂದರೆ ಗೆಡ್ಡೆ ಏಳಲು ಸಿದ್ಧ. ಬೆಂಗಳೂರಿನ ಡಿಸೆಂಬರಿನಲ್ಲಿ ನಾವು ಸ್ವೆಟರ್ ಹಾಕಿಕೊಂಡು ನಡುಗಿದರೂ, ರೂಬಾರ್ಬಿನ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ.

ಚಳಿಯನ್ನು ಹೀಗೆ ಲೆಕ್ಕ ಹಾಕಿ ಬೆಳೆ ತೆಗೆಯುವ ಊರುಗಳು ಇಂಗ್ಲೆಂಡಿನ ಉತ್ತರದ ಯಾರ್ಕ್‌ಶೈರಿನಲ್ಲಿವೆ. ವೇಕ್‌ಫೀಲ್ಡ್, ಮೋರ್ಲಿ, ರಾಥ್‌ವೆಲ್ ಎಂಬ ಮೂರು ಊರುಗಳ ನಡುವಿನ ನೆಲವನ್ನು ‘ರೂಬಾರ್ಬ್ ತ್ರಿಕೋನ’ ಎಂದೇ ಕರೆಯುತ್ತಾರೆ. ಅಲ್ಲಿನ ಪದ್ಧತಿ ಕೇಳಿದರೆ ಕಣ್ಣರಳಿಸುತ್ತೀರಿ. ಗೆಡ್ಡೆಗಳನ್ನು ಎರಡು ವರ್ಷ ಹೊಲದಲ್ಲಿ ಒಂದು ದಂಟೂ ಕೊಯ್ಯದೆ ಬೆಳೆಸುತ್ತಾರೆ. ಕಣಜ ತುಂಬಿ ತುಳುಕಬೇಕು. ಚಳಿಗಾಲದ ಹಿಮ ಸಾಕಷ್ಟು ತಾಗಿದ ಮೇಲೆ ಅಗೆದು, ಕಿಟಕಿಯಿಲ್ಲದ ಉದ್ದನೆಯ ತಗ್ಗು ಶೆಡ್ಡಿನೊಳಗೆ ಒತ್ತೊತ್ತಾಗಿ ಜೋಡಿಸುತ್ತಾರೆ. ಒಳಗೆ ಕಗ್ಗತ್ತಲು, ಹಿತವಾದ ಬಿಸಿ. ಚಳಿ ಮುಗಿಯಿತು, ವಸಂತ ಬಂತು ಎಂದು ಗೆಡ್ಡೆ ಏಮಾರುತ್ತದೆ. ಮೊಗ್ಗು ಒಡೆದು ದಂಟುಗಳು ಮೇಲೇಳುತ್ತವೆ, ಬೆಳಕನ್ನು ಹುಡುಕುತ್ತಾ ಅವಸರವಸರವಾಗಿ ಬೆಳೆಯುತ್ತವೆ. ಬೆಳಕಿಲ್ಲದೆ ಪತ್ರಹರಿತ್ತು ತಯಾರಾಗುವುದಿಲ್ಲ. ಆದ್ದರಿಂದ ಎಲೆ ಪುಟ್ಟದು, ಅರಿಶಿನ ಹಳದಿ. ಹಸಿರಿನ ಮುಸುಕಿಲ್ಲದ ದಂಟು ಗುಲಾಬಿ ಕೆಂಪು. ನಾರು ಕಡಿಮೆ, ಹುಳಿಯೂ ಸೌಮ್ಯ. ಒಂದು ಚೂರೂ ದ್ಯುತಿಸಂಶ್ಲೇಷಣೆ ನಡೆಯದೆ, ಪೂರ್ತಿ ಹಳೆಯ ಉಳಿತಾಯದಿಂದಲೇ ಬೆಳೆದ ಬೆಳೆ ಇದು!

ಜನವರಿ, ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಇದರ ಕೊಯ್ಲು. ದೊಡ್ಡ ದೀಪ ಹಾಕಿದರೆ ದಂಟು ಹಸಿರಾಗಿ ಬಿರುಸಾಗುತ್ತದೆಂದು ಮೇಣದಬತ್ತಿ ಹಚ್ಚಿಟ್ಟುಕೊಂಡು ಎಳೆಯುತ್ತಾರೆ. ಗದ್ದಲವಿಲ್ಲದ ಹೊತ್ತಿನಲ್ಲಿ ಮೊಗ್ಗಿನ ಹೊದಿಕೆ ಬಿರಿಯುವ ‘ಚಟ್, ಚಟ್’ ಸದ್ದನ್ನು ಕೇಳಬಹುದು. ಗಿಡ ಬೆಳೆಯುವುದನ್ನು ಕಣ್ಣಿನಿಂದ ನೋಡಲಾರದ ನಾವು ಕಿವಿಯಿಂದ ಕೇಳಬಹುದು ಎಂದರೆ ನನಗಂತೂ ಈ ಲೇಖನದಲ್ಲಿ ಹೇಳಬೇಕಾದ ಸಂಗತಿಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ. ಕೊಯ್ಲು ಮುಗಿದಾಗ ಗೆಡ್ಡೆ ಬರಿದು. ಮತ್ತೆ ನೆಟ್ಟು ಪ್ರಯೋಜನವಿಲ್ಲ, ಗೊಬ್ಬರಕ್ಕೆ ಹಾಕುತ್ತಾರೆ. ನಾವು ಎಳೆದುಕೊಳ್ಳುವ ತೋಟದ ಗಿಡ ವರ್ಷ ವರ್ಷ ಬದುಕುವುದಕ್ಕೂ ಕತ್ತಲೆ ಶೆಡ್ಡಿನ ಗಿಡ ಒಂದೇ ಕೊಯ್ಲಿಗೆ ಮುಗಿಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಲ್ಲಿ ಎಲೆಗೆ ಬಿಸಿಲು ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ.

ಈ ಕತ್ತಲೆಯ ವಿದ್ಯೆ ಆಕಸ್ಮಿಕವಾಗಿ ಸಿಕ್ಕಿದ್ದು. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ಚೆಲ್ಸಿ ಔಷಧಿ ತೋಟದಲ್ಲಿ ಚರಂಡಿ ತೋಡಿದ ಮಣ್ಣನ್ನು ರೂಬಾರ್ಬ್ ಗೆಡ್ಡೆಗಳ ಮೇಲೆ ಸುರಿದಿದ್ದರಂತೆ. ಕೆಲವು ವಾರಗಳ ಮೇಲೆ ಮಣ್ಣು ಸರಿಸಿದಾಗ ಎಳೆ ಎಳೆ ದಂಟುಗಳು ಕಂಡವು. ಅದೇ ಶತಮಾನದಲ್ಲಿ ಯಾರ್ಕ್‌ಶೈರಿನವರು ಅದಕ್ಕೆಂದೇ ಶೆಡ್ ಕಟ್ಟಿದರು. ಅವರಿಗೆ ಅನುಕೂಲಗಳೂ ಕೂಡಿಬಂದಿದ್ದವು. ಶೆಡ್ ಬಿಸಿ ಮಾಡಲು ಪಕ್ಕದಲ್ಲೇ ಕಲ್ಲಿದ್ದಲು ಗಣಿ. ಗೊಬ್ಬರಕ್ಕೆ ಉಣ್ಣೆ ಗಿರಣಿಗಳ ಕಸ. ಉಣ್ಣೆ ಎಂದರೆ ಪ್ರೋಟೀನು, ಪ್ರೋಟೀನಿನಲ್ಲಿ ಸಾರಜನಕ. ಮಣ್ಣಿನಲ್ಲಿ ನಿಧಾನವಾಗಿ ಕೊಳೆಯುತ್ತಾ ಅದು ಗೆಡ್ಡೆಗೆ ಸಾರಜನಕ ಉಣಿಸುತ್ತದೆ. ರಾತ್ರಿ ಹೊರಟ ರೈಲು ಬೆಳಗಿನ ಲಂಡನ್ ಮಾರುಕಟ್ಟೆಗೆ ದಂಟು ಮುಟ್ಟಿಸುತ್ತಿತ್ತು. ಆ ರೈಲಿಗೆ ಜನ ‘ರೂಬಾರ್ಬ್ ಎಕ್ಸ್‌ಪ್ರೆಸ್’ ಎಂದೇ ಹೆಸರಿಟ್ಟಿದ್ದರು. 1960ರ ದಶಕದಲ್ಲಿ ಅದು ನಿಂತಿತು. ಬಾಳೆ, ಕಿತ್ತಳೆ ಹಣ್ಣುಗಳು ದೂರದೇಶಗಳಿಂದ ಅಗ್ಗವಾಗಿ ಬರತೊಡಗಿದ ಮೇಲೆ ಹುಳಿ ದಂಟನ್ನು ಕೇಳುವವರು ಕಡಿಮೆಯಾದರು. ಈಗ ಬೆರಳೆಣಿಕೆಯ ಕುಟುಂಬಗಳು ಈ ಕೆಲಸ ಮಾಡುತ್ತಿವೆ. 2010ರಲ್ಲಿ ಐರೋಪ್ಯ ಒಕ್ಕೂಟ ಈ ಕತ್ತಲೆ ರೂಬಾರ್ಬಿಗೆ, ನಮ್ಮ ಮೈಸೂರು ಮಲ್ಲಿಗೆಗೆ ಸಿಕ್ಕಿದಂಥದೇ ಊರ ಹೆಸರಿನ ಮಾನ್ಯತೆ ಕೊಟ್ಟಿತು.

ಯುರೋಪಿನ ಜನ ಇದರ ದಂಟನ್ನು ಹೆಚ್ಚಾಗಿ ತಿನ್ನತೊಡಗಿದ್ದು ಸಕ್ಕರೆ ಅಗ್ಗವಾದ ಮೇಲೆ. ಅದಕ್ಕೂ ಮುನ್ನ ಶತಮಾನಗಳ ಕಾಲ ಬೆಲೆ ಇದ್ದದ್ದು ಬೇರಿಗೆ. ಚೀನಾದಿಂದ ಒಂಟೆಗಳ ಮೇಲೆ, ಹಡಗುಗಳಲ್ಲಿ ಒಣಗಿದ ಬೇರು ಯುರೋಪಿಗೆ ಹೋಗುತ್ತಿತ್ತು. ಯಾತಕ್ಕೆ ಗೊತ್ತೇ? ಹೊಟ್ಟೆ ಕಟ್ಟಿಕೊಂಡವರಿಗೆ ಭೇದಿ ಮಾಡಿಸಲು! 1839ರಲ್ಲಿ ಅಫೀಮಿನ ವ್ಯಾಪಾರಕ್ಕಾಗಿ ಚೀನಾ, ಬ್ರಿಟನ್ ನಡುವೆ ಜಗಳ ನಡೆಯುತ್ತಿದ್ದಾಗ ಚೀನಾದ ಅಧಿಕಾರಿ ಲಿನ್ ಝೆಶು ಬ್ರಿಟನ್ನಿನ ರಾಣಿ ವಿಕ್ಟೋರಿಯಾಗೆ ಪತ್ರ ಬರೆದ. ನಮ್ಮ ಚಹಾ ಮತ್ತು ರೂಬಾರ್ಬ್ ಇಲ್ಲದೆ ಹೊರದೇಶದವರು ಒಂದು ದಿನವೂ ಇರಲಾರರು ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ರಾಣಿಯ ಕೈಗೆ ಅದು ತಲುಪಲಿಲ್ಲ ಎನ್ನುತ್ತಾರೆ ಇತಿಹಾಸಕಾರರು. ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ‘ರೇವಲ್‌ಚಿನ್ನಿ’ ಎಂದು ಮಾರುವ ಹಳದಿ ಬೇರು ಇದರದ್ದೇ ಹಿಮಾಲಯದ ಸೋದರ ಗಿಡದ್ದು. ಔಷಧಿ ಅಂಗಡಿಯಲ್ಲಿ ಸಿಗುತ್ತದೆಂದು ಕೇಳದೆ ಬಾಯಿಗೆ ಹಾಕಬೇಡಿ, ದಿನವಿಡೀ ಬಚ್ಚಲಲ್ಲೇ ಕಳೆಯಬೇಕಾದೀತು.

ಹಿಮಾಲಯದಲ್ಲಿ ಇನ್ನೂ ಸೊಗಸಾದ ಒಬ್ಬ ಸೋದರನಿದ್ದಾನೆ. ಸಿಕ್ಕಿಂ ಕಡೆಯ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 4000 ಮೀಟರಿಗೂ ಮೇಲೆ, ಗಿಡಗಳೆಲ್ಲ ಗಾಳಿಗೆ ಹೆದರಿ ನೆಲಕ್ಕಂಟಿ ಬೆಳೆಯುವ ಜಾಗದಲ್ಲಿ, ಇವನೊಬ್ಬ ಆಳೆತ್ತರ ನಿಲ್ಲುತ್ತಾನೆ. ಮೈತುಂಬ ಬೆಳಕು ತೂರುವಂಥ ಕೆನೆಹಳದಿ ಎಲೆಗಳ ಹೊದಿಕೆ. ಬಿಸಿಲು ಒಳಗೆ ಬರುತ್ತದೆ, ಚುರುಕಾದ ನೇರಳಾತೀತ ಕಿರಣಗಳನ್ನು ಹೊದಿಕೆ ತಡೆಯುತ್ತದೆ, ಒಳಗಿನ ಹೂಗಳು ಬೆಚ್ಚಗಿರುತ್ತವೆ. ಅದರ ಸಸ್ಯಶಾಸ್ತ್ರೀಯ ಹೆಸರು ರಿಯಮ್ ನೊಬೈಲ್.

ನಿಮ್ಮಲ್ಲಿ ಯಾರಾದರೂ ಲೀಡ್ಸ್‌ನಲ್ಲೋ ಲಂಡನ್ನಿನಲ್ಲೋ ಇರುವ ಚಿಕ್ಕಮ್ಮನ ಮನೆಗೆ ಮೇ ತಿಂಗಳ ರಜೆಯಲ್ಲಿ ಹೋದರೆ, ಇಂಥ ತೋಟಕ್ಕೆ ಕರೆದೊಯ್ಯಲು ಹಟ ಮಾಡಿ. ಮಳೆಬೂಟು ಹಾಕಿಕೊಂಡು ಹೋಗಿ, ಸಾಲುಗಳ ನಡುವೆ ಕೆಸರಿರುತ್ತದೆ. ಬೆರಳಿನ ದಪ್ಪಕ್ಕಿಂತ ತೆಳುವಾದ ದಂಟು ಎಳೆಯಬೇಡಿ, ಇನ್ನೂ ಬೆಳೆಯಬೇಕಾದವು. ಗಟ್ಟಿಯಾಗಿ ನೆಟ್ಟಗಿರುವುದನ್ನು ಆರಿಸಿ. ಮನೆಗೆ ತಂದು ಸಿಹಿ ಮಾಡಲೇಬೇಕೆಂದಿಲ್ಲ. ಹುಣಸೆಹುಳಿಯ ಬದಲು ಈ ದಂಟನ್ನೇ ಹೆಚ್ಚಿ ಹಾಕಿ, ಬೆಲ್ಲ, ಸಾಸಿವೆ ಒಗ್ಗರಣೆಯ ಗೊಜ್ಜು ಮಾಡಿದರೆ ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ.

ಊರಲ್ಲೇ ಇರುವವರಿಗೆ ಎರಡು ಕೆಲಸ ಕೊಡುತ್ತೇನೆ. ಎರಡು ತಟ್ಟೆಗಳಲ್ಲಿ ಒದ್ದೆ ಬಟ್ಟೆಯ ಮೇಲೆ ಹೆಸರುಕಾಳು ಹಾಕಿ. ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಬೀರುವಿನೊಳಗೆ ಇಡಿ. ವಾರದ ಹೊತ್ತಿಗೆ ಅಳತೆಪಟ್ಟಿ ಹಿಡಿದು ಯಾವುದು ಉದ್ದ, ಯಾವುದು ಹಸಿರು, ಯಾವುದನ್ನು ಮುರಿಯುವುದು ಸುಲಭ ಎಂದು ಬರೆದುಕೊಳ್ಳಿ. ಬೀರುವಿನ ತಟ್ಟೆಯನ್ನು ಆಮೇಲೆ ಕಿಟಕಿಗೆ ತಂದು ಎರಡು ದಿನ ಬಿಟ್ಟು ನೋಡಿ.

ಎರಡನೆಯದು ಸಂತೆಯಲ್ಲಿ. ಚುಕ್ಕೆ ಸೊಪ್ಪು ಕಂಡರೆ ಒಂದು ಕಟ್ಟು ಕೊಂಡು ಸಾರಿಗೆ ಹಾಕುವ ಮೊದಲು ಒಂದು ಕಡ್ಡಿಯನ್ನು ಬೆಳಕಿಗೆ ಹಿಡಿಯಿರಿ. ಎಲೆ ಕಾಂಡಕ್ಕೆ ಸೇರುವ ಗಿಣ್ಣಿನಲ್ಲಿ, ಕಾಂಡವನ್ನು ಸುತ್ತಿಕೊಂಡ ತೆಳ್ಳನೆಯ ಪೊರೆ ಇದೆಯೇ ನೋಡಿ. ಬಲಿತ ಕಡ್ಡಿಯಾದರೆ ಗುಲಾಬಿ ಬಣ್ಣದ ರೆಕ್ಕೆಗಳಿರುವ ಕಾಯಿಗಳೂ ಸಿಕ್ಕಾವು. ಚುಕ್ಕೆ ಸೊಪ್ಪೂ ರೂಬಾರ್ಬೂ ಒಂದೇ ಸಸ್ಯಕುಟುಂಬದವು, ಆ ಪೊರೆ ಆ ಕುಟುಂಬದ ಗುರುತು. ರೂಬಾರ್ಬಿನ ಗಿಣ್ಣಿನಲ್ಲೂ ಅದು ಇದೆ, ರೂಬಾರ್ಬಿನ ಕಾಯಿಗೂ ಮೂರು ರೆಕ್ಕೆ ಇದೆ. ನಿಮಗೆ ಕಂಡದ್ದರ ಚಿತ್ರ ಬರೆದು ನಿಮ್ಮ ವಿಜ್ಞಾನದ ಮೇಷ್ಟರಿಗೋ ಟೀಚರಿಗೋ ತೋರಿಸಿ.